ನಾಲ್ಕರಲ್ಲಿ ಒಂದು

ಸಿಂಧನೂರು
8 ಜನವರಿ 2024, ಸೋಮವಾರ

ರಾಜಿ,

ನಿನ್ನ ಮಗಳು ಗ್ಯಾನಿ ನನ್ನ ಎದುರಿನ ಮಂಚದ ಮೇಲೆ ಮಲಗಿ ರಕ್ತ ಹಾಕಿಸಿಕೊಳ್ಳುತ್ತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ನಿನ್ನ ಮಾವ ಸೂಗಪ್ಪನವರು ತೂಕಡಿಸುತ್ತಿದ್ದಾರೆ. ಚೀಲ ಖಾಲಿಯಾಗಲು ಇನ್ನೂ ಎರಡು ತಾಸು ಬೇಕು. ಅಷ್ಟರಲ್ಲಿ ಇದನ್ನು ಬರೆದು ಅವಳ ಫೈಲಿನಲ್ಲಿ, ಎಕ್ಸ್‌ರೇ ಲಕೋಟೆಯ ಹಿಂದೆ ಇಡುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಯಾವಾಗಲೂ ನಿಮ್ಮತ್ತೆಯ ಕೈಯಲ್ಲಿ, ಅದೂ ಸ್ಪೀಕರ್ ಹಾಕಿಕೊಂಡು. ನಾನು ಬೈಯಬೇಕಾದದ್ದು ನಿನ್ನನ್ನು, ಇಡೀ ಓಣಿಯನ್ನಲ್ಲ.

ಹೋದ ತಿಂಗಳು ನಮ್ಮ ದವಾಖಾನೆಯ ಲ್ಯಾಬಿನಲ್ಲಿ ನಾನೇ ತೆಗೆದ ರಕ್ತದ ವರದಿ ಬಂದಿದೆ. ಗ್ಯಾನಿಯ ಮೈಯಲ್ಲಿ ಕಬ್ಬಿಣ ಇರಬೇಕಾದದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚಾಗಿದೆ. ಆರು ವರ್ಷದ ಕೂಸು. ಏನು ತಿನ್ನಿಸುತ್ತಿದ್ದೀರಿ ಎಂದು ಮಾವನವರನ್ನು ಕೇಳಿದೆ. "ಛೊಲೊದ ತಿನಸ್ತೀವ್ರಿ ಮೇಡಂ. ನುಗ್ಗಿಸೊಪ್ಪು, ಉತ್ತತ್ತಿ, ಬೆಲ್ಲದ ಉಂಡಿ. ನಮ್ಮಾಕಿ ದಿನಾ ಕುಡಗೋಲು ಕಾಸಿ ಹಾಲಾಗ ಅದ್ದಿ ಕುಡಸ್ತಾಳ್ರಿ" ಎಂದರು. ಅದನ್ನೂ ಹೆಮ್ಮೆಯಿಂದ ಹೇಳಿದರು.

ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ, ಕೇಳು. ರಕ್ತ ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅದೊಂದು ಅಡುಗೆಮನೆ ಅಂದುಕೋ. ಅಲ್ಲಿ ಹುಟ್ಟಿದ ಕೆಂಪುಕಣ ನಾಲ್ಕು ತಿಂಗಳು ಬಾಳುತ್ತದೆ, ಆಮೇಲೆ ಹೊಸದು ಬರುತ್ತದೆ. ಗ್ಯಾನಿಯ ಮಜ್ಜೆಯೂ ಕಣ ಮಾಡುತ್ತದೆ, ಆದರೆ ಹಳೇ ಜೋಳದ ಹಿಟ್ಟಿನ ಹಾಗೆ ಅದರಲ್ಲಿ ಜಿಗಿ ಇಲ್ಲ. ಜಿಗಿ ಇಲ್ಲದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತದಲ್ಲ, ಹಾಗೆ ಅವು ಹೊರಗೆ ಬರುವ ಮೊದಲೇ ಒಡೆಯುತ್ತವೆ. ಒಡೆದಷ್ಟೂ ಮಜ್ಜೆ ಇನ್ನೂ ಜೋರಾಗಿ ಬಡಿಯುತ್ತದೆ. ಅದಕ್ಕೇ ಅವಳ ಹಣೆ, ಕೆನ್ನೆಯ ಎಲುಬು ಉಬ್ಬಿರುವುದು, ಹೊಟ್ಟೆಯ ಎಡಗಡೆ ಗಟ್ಟಿಯಾಗಿರುವುದು. ಥಲಸ್ಸೇಮಿಯಾ ಅಂದರೆ ಇದೇ. ರಕ್ತ ಕಡಿಮೆ ಅಂದ ಕೂಡಲೆ ಕಬ್ಬಿಣ ಕಡಿಮೆ ಅಂತಲ್ಲ. ಇಲ್ಲಿ ಹಿಟ್ಟೇ ಸರಿಯಿಲ್ಲ, ನೀವು ಒಲೆಗೆ ಕಟ್ಟಿಗೆ ತುಂಬುತ್ತಿದ್ದೀರಿ.

ನಾವು ಹಾಕುವ ಪ್ರತಿ ಚೀಲದಲ್ಲೂ ಕಬ್ಬಿಣ ಇರುತ್ತದೆ. ಅದು ಹೊರಗೆ ಹೋಗಲು ದಾರಿಯಿಲ್ಲದೆ ಅವಳ ಹೃದಯದಲ್ಲಿ, ಯಕೃತ್ತಿನಲ್ಲಿ ಕೂಡುತ್ತಿದೆ. ಅದರ ಮೇಲೆ ನಿಮ್ಮ ಕುಡುಗೋಲು ಬೇರೆ. ಇವತ್ತೇ ಬಂದ್ ಮಾಡು. ಕಬ್ಬಿಣ ಇಳಿಸುವ ಗುಳಿಗೆ ಬರೆದುಕೊಟ್ಟಿದ್ದಾರೆ, ಬೆಳಿಗ್ಗೆ ನೀರಿನಲ್ಲಿ ಕರಗಿಸಿ ಕೊಡು, ಒಂದು ದಿನವೂ ತಪ್ಪಿಸಬೇಡ.

ನಿನ್ನ
ಮೇಘಾ

ಮರೆತಿದ್ದೆ. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಈ ರೋಗ ಬೇರುಸಹಿತ ಹೋಗುತ್ತದೆ ಎಂದು ಡಾಕ್ಟರು ಇವತ್ತು ಹೇಳುತ್ತಿದ್ದರು. ಗ್ಯಾನಿಗೆ ಒಬ್ಬ ತಮ್ಮನೋ ತಂಗಿಯೋ ಇದ್ದಿದ್ದರೆ ಅನ್ನಿಸಿತು. ಇರಲಿ, ಇಲ್ಲದ್ದರ ಮಾತು ಯಾಕೆ.


ಸಂತೆಕಲ್ಲೂರು
28 ಜನವರಿ 2024

ಮೇಘಿ,

ಲಿಂಗಸೂಗೂರಿನ ಹಾಸ್ಟೆಲ್ಲಿನಲ್ಲಿ ಒಂದೇ ಖೋಲಿಯಲ್ಲಿದ್ದಾಗಲೂ ನೀನು ಬೈದೇ ಮಾತಾಡುತ್ತಿದ್ದಿ. ಪತ್ರ ಓದಿ ಆ ದಿನಗಳು ನೆನಪಾಗಿ ಮೊದಲು ನಕ್ಕೆ, ಆಮೇಲೆ ಅತ್ತೆ. ದನದ ಕೊಟ್ಟಿಗೆಯಲ್ಲಿ ನಿಂತು ಮೂರು ಸಲ ಓದಿದೆ. ರೊಟ್ಟಿಯ ಮಾತು ಹೇಳಿದೆಯಲ್ಲ, ಈಗ ತಿಳಿಯಿತು. ನಾಲ್ಕು ವರ್ಷದಿಂದ ಮಗಳಿಗೆ ರಕ್ತ ಹಾಕಿಸುತ್ತಿದ್ದೇವೆ, ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಕುಡುಗೋಲು ಬಿಡಿಸುವುದು ಸುಲಭವಾಗಲಿಲ್ಲ. ನನ್ನ ಅತ್ತೆ ಶೇಖರಮ್ಮ ಬರೀ ಅತ್ತೆಯಾಗಿದ್ದರೆ ಜಗಳ ಆಡಬಹುದಿತ್ತು. ಅವಳು ನನ್ನ ಅವ್ವನ ಅವ್ವ, ನನ್ನನ್ನು ಎತ್ತಿ ಆಡಿಸಿದ ಆಯಿ. ಮಗಳ ಮಗಳು ಬೇರೆ ಮನೆಗೆ ಹೋಗಬಾರದು ಎಂದು ತನ್ನ ಸಣ್ಣ ಮಗನಿಗೇ ತಂದುಕೊಂಡಳು. ಅವಳ ಮುಂದೆ ದನಿ ಎತ್ತರಿಸಲು ಆಗುವುದಿಲ್ಲ. "ಕಬ್ಣ ಕುಡಿಸಿದ್ರ ಮೈಯಾಗ ರಕ್ತ ಹಿಡಿತೈತಿ ಬೇ, ನಿಮ್ಮವ್ವನ್ನ ನಾ ಹಂಗ ಬೆಳಸೀನಿ" ಎಂದಳು. ನಿನ್ನ ಪತ್ರದ ಮಾತನ್ನು ಡಾಕ್ಟರ ಮಾತೆಂದು ಹೇಳಿ, ಕುಡುಗೋಲು ಬಣವೆಯಲ್ಲಿ ಬಚ್ಚಿಟ್ಟೆ. ನೀನು ಬರೆದರೆ ನನಗೆ ಸಾಕು, ಹಾಗೇ ಮಾಡುತ್ತೇನೆ.

ಇನ್ನೊಂದು ಮಾತು, ಸಿಟ್ಟಾಗಬೇಡ. ಮಾವ ದವಾಖಾನೆಯಿಂದ ತಿರುಗಿ ಬಂದಾಗೆಲ್ಲ ಆಯಿ ಕೇಳುತ್ತಾಳೆ: "ಯಾರ ರಕ್ತ ಹಾಕ್ಯಾರಂತ ಕೇಳ್ಕೊಂಡು ಬಂದಿಯೇನು?" ಮಾವ ಲಿಂಗಪೂಜೆಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.

ನೀನು ಕೊನೆಗೆ ತಮ್ಮ, ತಂಗಿ ಅಂತ ಬರೆದಿದ್ದೀಯಲ್ಲ. ಅದು ಎಷ್ಟು ಜನರಿಗೆ ಹೊಂದುತ್ತದೆ? ಕೊಡುವ ಕೂಸಿಗೆ ಎಷ್ಟು ವಯಸ್ಸಾಗಿರಬೇಕು? ಸುಮ್ಮನೆ ಕೇಳಿದೆ.

ರಾಜಶ್ರೀ


ಸಿಂಧನೂರು
29 ಜನವರಿ 2024

ರಾಜಿ,

ಕುಡುಗೋಲು ಬಚ್ಚಿಟ್ಟದ್ದಕ್ಕೆ ನಿನಗೆ ಒಂದು ಸಲಾಂ. ಆಯಿಗೆ ಹೇಳು, ರಕ್ತದ ಚೀಲದ ಮೇಲೆ ಗುಂಪು ಬರೆದಿರುತ್ತದೆ, ಓಣಿ ಬರೆದಿರುವುದಿಲ್ಲ. ನಿನಗೊಬ್ಬಳಿಗೆ ಹೇಳುತ್ತೇನೆ, ಹೋದ ಸಲದ ಚೀಲ ನಮ್ಮಣ್ಣ ರಾಜೇಶನದು. ಆವತ್ತು ಬಿ ಪಾಸಿಟಿವ್ ಒಂದೂ ಇರಲಿಲ್ಲ, ಶಾಲೆಯಲ್ಲಿ ಪಾಠ ಬಿಡಿಸಿ ಕರೆಸಿದ್ದೆ. ನೀವು ಪಡಸಾಲೆ ದಾಟಗೊಡದವನ ರಕ್ತ ನಿಮ್ಮ ದೇವರ ಖೋಲಿಯಲ್ಲಿ ಓಡಾಡುತ್ತಿದೆ. ಆಯಿಗೆ ಇದನ್ನು ಮಾತ್ರ ಹೇಳಬೇಡ.

ಸುಮ್ಮನೆ ಕೇಳಿದ್ದೀಯ, ಸುಮ್ಮನೆ ಹೇಳುತ್ತೇನೆ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಮಜ್ಜೆ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಸಲ. ಕೊಡುವ ಕೂಸು ಒಂದು ವರ್ಷ ದಾಟಿ ತಕ್ಕ ತೂಕ ಬಂದರೆ ಸಾಕು, ಅದಕ್ಕೇನೂ ಆಗುವುದಿಲ್ಲ. ಉಳಿದದ್ದನ್ನೆಲ್ಲ ರೋಗ ಗೊತ್ತಾದ ದಿನವೇ ಡಾಕ್ಟರು ನಿನ್ನ ಗಂಡನಿಗೂ ಮಾವನವರಿಗೂ ಕೂಡಿಸಿ ಹೇಳಿದ್ದಾರೆ, ನಾನೂ ಅಲ್ಲೇ ಇದ್ದೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದು ಮನಸ್ಸು ನೋಯಿಸುವುದು ಬೇಡ.

ಗುಳಿಗೆ ಮರೆಯಬೇಡ.

ಮೇಘಾ


ಸಂತೆಕಲ್ಲೂರು
10 ಮಾರ್ಚ್ 2024

ಮೇಘಿ,

ಹೋದ ಸಲ ಫೈಲಿನಲ್ಲಿ ಪತ್ರ ಇಡಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀ. ಬರೆಯುವಂಥದ್ದೇನೂ ಇರಲಿಲ್ಲ.

ಶಿವರಾತ್ರಿಗೆ ಮಸ್ಕಿಗೆ ಹೋಗಿ ಮಲ್ಲಯ್ಯನ ಗುಡ್ಡ ಹತ್ತಿ ಬಂದೆವು. ಅಲ್ಲಿ ನಮ್ಮವರ ಗೊಬ್ಬರದ ಅಂಗಡಿಯಲ್ಲೇ ಊಟ ಮಾಡಿದೆವು. ಗ್ಯಾನಿ ಅರ್ಧ ಗುಡ್ಡ ತಾನೇ ಹತ್ತಿದಳು, ಉಳಿದರ್ಧ ಅವರು ಹೊತ್ತುಕೊಂಡರು. ಏನು ಬೇಡಿಕೊಂಡಿ ಎಂದು ಕೇಳಬೇಡ. ನಾಲ್ಕರಲ್ಲಿ ಒಂದು ಎಂದರೆ ನೂರಕ್ಕೆ ಇಪ್ಪತ್ತೈದು. ಪಿಯುಸಿಯಲ್ಲಿ ನನಗೆ ಗಣಿತದಲ್ಲಿ ಎಷ್ಟು ಬೀಳುತ್ತಿತ್ತು ನೆನಪಿದೆಯಾ? ಅಷ್ಟಾದರೂ ಕೊನೆಗೆ ಪಾಸಾದೆ.

ಗುಳಿಗೆ ಒಂದು ದಿನವೂ ತಪ್ಪಿಲ್ಲ.

ರಾಜಶ್ರೀ


ಸಿಂಧನೂರು
17 ಜೂನ್ 2024

ರಾಜಶ್ರೀ,

ಜೂನ್ ಮೂರಕ್ಕೆ ಬರಬೇಕಾದ ಕೂಸು ಇವತ್ತು ಬಂದಿದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಎಂದರೆ ಮೂವತ್ತೈದು ದಿನವಲ್ಲ. ಹಿಮೋಗ್ಲೋಬಿನ್ ಐದಕ್ಕೆ ಇಳಿದಿದೆ. ಬಸ್‌ಸ್ಟ್ಯಾಂಡಿನಿಂದ ಇಲ್ಲಿಯ ತನಕ ಮಾವನವರು ಹೆಗಲ ಮೇಲೆ ಹೊತ್ತು ತಂದರು. ಸೂಜಿ ಚುಚ್ಚಿದರೂ ಅಳಲಿಲ್ಲ. ಅಳದ ಮಕ್ಕಳನ್ನು ಕಂಡರೆ ನನಗೆ ಹೆಚ್ಚು ಹೆದರಿಕೆ.

ಯಾಕೆ ತಡ ಎಂದರೆ ಮಾವನವರು "ಮನ್ಯಾಗ ಸ್ವಲ್ಪ ತೊಂದ್ರಿ ಇತ್ರಿ" ಎನ್ನುತ್ತಾರೆ, ನೆಲ ನೋಡುತ್ತಾರೆ. ಏನು ತೊಂದರೆ? ಬಿತ್ತನೆಯಾ? ತೊಗರಿ ಎರಡು ದಿನ ತಡವಾಗಿ ಬಿತ್ತಿದರೆ ಯಾರೂ ಸಾಯುವುದಿಲ್ಲ. ಮೂರು ತಿಂಗಳಿಂದ ಪತ್ರವೂ ಇಲ್ಲ. ನಿನಗೆ ಬೇಜಾರು ಬಂದಿದ್ದರೆ ಹೇಳು, ನನಗೂ ಬರುತ್ತದೆ, ಆದರೆ ಗ್ಯಾನಿಗೆ ಬೇಜಾರು ಪಡಲು ಅವಕಾಶವೇ ಇಲ್ಲ.

ಮೇಘಾ


ಸಂತೆಕಲ್ಲೂರು
7 ಜುಲೈ 2024

ಮೇಘಿ,

ಹೌದು, ಬಿತ್ತನೆ ಇತ್ತು. ತಪ್ಪಾಯಿತು. ಇನ್ನು ಮುಂದೆ ತಡವಾಗುವುದಿಲ್ಲ.

ರಾಜಶ್ರೀ


ಸಂತೆಕಲ್ಲೂರು
8 ಸೆಪ್ಟೆಂಬರ್ 2024

ಮೇಘಿ,

ಈಗ ಹೇಳಬಹುದು. ಬರುವ ಗುರುವಾರ ನನ್ನ ಕುಬಸ. ಏಳನೇ ತಿಂಗಳು.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಮಡಿಲು ತುಂಬಿ ಕುಬಸ ಮಾಡುವ ತನಕ ಹೊರಗಿನವರಿಗೆ ಬಸಿರಿನ ಸುದ್ದಿ ಬಿಡಕೂಡದು ಎಂದು ಆಯಿ ಮಲ್ಲಯ್ಯನ ಆಣೆ ಹಾಕಿಸಿದ್ದಳು. ಗ್ಯಾನಿ ಹೊಟ್ಟೆಯಲ್ಲಿದ್ದಾಗ ಮೊದಲ ತಿಂಗಳಲ್ಲೇ ಊರಿಗೆಲ್ಲ ಹೇಳಿ ಕಣ್ಣು ಬಿತ್ತು ಎಂದು ಅವಳ ನಂಬಿಕೆ. ಮಾವನಿಗೂ "ದವಾಖಾನ್ಯಾಗ ಬಾಯಿ ಬಿಟ್ಟಿ ನೋಡು" ಎಂದು ಹೇಳಿಯೇ ಬಸ್ಸಿಗೆ ಕಳಿಸುತ್ತಿದ್ದಳು. ನಿನಗೆ ಬರೆದು ಬರೆದು ಹರಿದಿದ್ದೇನೆ.

ಜೂನ್‌ನಲ್ಲಿ ಬಿತ್ತನೆಯಿಂದ ತಡವಾದದ್ದಲ್ಲ. ನನಗೆ ರಕ್ತ ಕಾಣಿಸಿಕೊಂಡಿತ್ತು. ಮಸ್ಕಿಯ ಡಾಕ್ಟರಮ್ಮ ಎರಡು ವಾರ ಮಂಚ ಬಿಟ್ಟು ಇಳಿಯಬೇಡ ಎಂದರು. ಎಲ್ಲರೂ ನನ್ನ ಸುತ್ತ ಕೂತರು, ಗ್ಯಾನಿಯ ದಿನ ತಪ್ಪಿತು. ಅವಳು ಬೆಳ್ಳಗಾಗುತ್ತಾ ಹೋಗುವುದನ್ನು ಮಲಗಿಕೊಂಡೇ ನೋಡಿದೆ. ಇವತ್ತು ನಿನ್ನನ್ನು ಕಾಯಿಸಿದರೂ ನಿನಗಾಗಿಯೇ ಕಾಯಿಸುತ್ತಿದ್ದೇನೆ ಮಗಳೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನೀನು ಬೈದ ಪತ್ರ ಆ ಮಂಚದ ಮೇಲೇ ಓದಿದ್ದು.

ಮೇಘಿ, ನೀನು ಹೇಳಿದ್ದೊಂದನ್ನೂ ನಾನು ಬಿಟ್ಟಿಲ್ಲ. ಕುಡುಗೋಲು ಬೇಡ ಅಂದಿ, ನಿಲ್ಲಿಸಿದೆ. ಗುಳಿಗೆ ಅಂದಿ, ಕೊಟ್ಟೆ. ಒಡಹುಟ್ಟಿದವರು ಬೇಕು ಅಂದಿ, ಅದನ್ನೂ ಮಾಡಿದೆ. ನಮ್ಮವರು ಬೇಡ, ಬೇಡ ಎಂದು ಬಹಳ ಹಿಂದೆ ಸರಿದರು. ಯಾಕೆ ಎಂದರೆ ಹೇಳಲಿಲ್ಲ. ನಾನೇ ಹಟ ಹಿಡಿದೆ. ಮುಂದಿನ ವರ್ಷದ ಕೊನೆಗೆ ಈ ಕೂಸಿಗೆ ಒಂದು ವರ್ಷ ತುಂಬುತ್ತದೆ. ಅಲ್ಲಿಗೆ ನಿನ್ನ ಸೂಜಿ, ಚೀಲ, ಫೈಲು ಎಲ್ಲ ಮುಗಿಯುತ್ತವೆ.

ಗುರುವಾರ ನೀನು ಬರಲೇಬೇಕು. ಇಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟಿಲ್ಲ ನೀನು. ಮೇಘಾ ಬಂದರೆ ಪಡಸಾಲೆಯಲ್ಲಿ ಕೂರಿಸುವುದಿಲ್ಲ, ಒಳಗೆ ನನ್ನ ಪಕ್ಕಕ್ಕೇ ಕೂರಿಸುತ್ತೇನೆ ಎಂದು ಆಯಿಗೆ ಹೇಳಿದ್ದೇನೆ. ಅವಳು ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ.

ನಿನ್ನ
ರಾಜಿ


ಸಿಂಧನೂರು
9 ಸೆಪ್ಟೆಂಬರ್ 2024

ರಾಜಿ,

ಇದು ಫೈಲಿಗೆ ಹೋಗುವ ಪತ್ರವಲ್ಲ. ಬರೆಯದಿದ್ದರೆ ಇವತ್ತು ಬೇರೆ ಕೆಲಸಕ್ಕೆ ಕೈ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದಿ ಮಾವನವರ ಮುಂದೆ ಹೋಗಿ ನಿಂತೆ. "ಡಾಕ್ಟರ್ ಆವತ್ತ ಹೇಳಿದ್ದು ಮನ್ಯಾಗ ರಾಜಿಗೆ ಹೇಳೀರೇನ್ರಿ?" ಎಂದು ಕೇಳಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ರಕ್ತ ಕಡಿಮಿ ಐತಿ, ಹಾಕಸ್ಬೇಕಂತ ಅಷ್ಟ ಹೇಳೀವ್ರಿ. ಸಂಬಂಧದಾಗಿಂದ ಬಂದೈತಿ ಅಂತ ಗೊತ್ತಾದ್ರ ನಮ್ಮಾಕಿ ಉಳಿತಿದ್ದಿಲ್ರಿ. ಆಕಿನ ನಿಂತು ಕೂಡಿಸಿದ ಲಗ್ನ" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಈಗ ಹೇಳಬ್ಯಾಡ್ರಿ ಮೇಡಂ. ಹೊಟ್ಯಾಗ ಕೂಸೈತಿ."

ಡಾಕ್ಟರು ಆವತ್ತು ಹೇಳಿದ್ದು ಇದು. ನಿನ್ನಲ್ಲೂ ನಿನ್ನ ಗಂಡನಲ್ಲೂ ಈ ರೋಗದ ಒಂದೊಂದು ಪಾಲಿದೆ, ಒಂದೇ ಮನೆತನದಿಂದ ಇಬ್ಬರಿಗೂ ಬಂದದ್ದು. ಒಂದೇ ಪಾಲಿದ್ದವರಿಗೆ ಏನೂ ಆಗುವುದಿಲ್ಲ, ಸ್ವಲ್ಪ ರಕ್ತ ಕಡಿಮೆ ಇರುತ್ತದೆ ಅಷ್ಟೇ. ಎರಡೂ ಪಾಲು ಒಂದೇ ಕೂಸಿಗೆ ಬಂದರೆ ಗ್ಯಾನಿಯ ಹಾಗಾಗುತ್ತದೆ. ಪ್ರತಿ ಬಸಿರಿನಲ್ಲೂ ಅದು ನಾಲ್ಕರಲ್ಲಿ ಒಂದು ಸಲ. ಮುಂದೆ ಬಸಿರಾದರೆ ಮೂರು ತಿಂಗಳೊಳಗೆ ಬಂದು ಪರೀಕ್ಷೆ ಮಾಡಿಸಬೇಕು ಎಂದು ಎರಡು ಸಲ ಒತ್ತಿ ಹೇಳಿದ್ದರು. ನಾನು ನಿನಗೆ ಒಂದು ನಾಲ್ಕರಲ್ಲಿ ಒಂದನ್ನು ಮಾತ್ರ ಬರೆದೆ. ಇನ್ನೊಂದು ನಿನಗೆ ಗೊತ್ತಿದೆ ಅಂದುಕೊಂಡೆ. ಗೊತ್ತಿದೆಯಾ ಎಂದು ಒಂದು ಸಾಲು ಕೇಳಲಿಲ್ಲ.

ಈಗಷ್ಟೇ ಡಾಕ್ಟರನ್ನು ಕೇಳಿ ಬಂದೆ. ಹೊತ್ತು ಮೀರಿದೆ, ಇನ್ನು ಹುಟ್ಟಲಿ, ಆಮೇಲೆ ನೋಡೋಣ ಎಂದರು.

ಇನ್ನೊಂದಿದೆ. ಏಳು ವರ್ಷದ ಹಿಂದೆ ನಾನು ಲಿಂಗಸೂಗೂರಿನ ಸಣ್ಣ ಲ್ಯಾಬಿನಲ್ಲಿ ಹೊಸದಾಗಿ ಸೇರಿದ್ದೆ. ಗ್ಯಾನಿ ಹೊಟ್ಟೆಯಲ್ಲಿದ್ದಾಗ ತವರಿಗೆ ಬಂದ ನೀನು ನನ್ನ ಹತ್ತಿರವೇ ರಕ್ತ ಕೊಟ್ಟೆ. ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆ. ಕೆಂಪುಕಣಗಳು ಸಣ್ಣಸಣ್ಣವು, ಆದರೆ ಎಣಿಕೆ ಮಾಮೂಲಿಗಿಂತ ಜಾಸ್ತಿ. ಕಬ್ಬಿಣ ಸಾಲದವರಲ್ಲಿ ಎಣಿಕೆ ಹೀಗೆ ಜಾಸ್ತಿ ಇರುವುದಿಲ್ಲ, ಅದೇ ಸುಳಿವು. ಇದೇನು ಹೀಗಿದೆ ಎಂದು ಒಂದು ಸಲ ಅನ್ನಿಸಿದ್ದು ಈಗಲೂ ನೆನಪಿದೆ. ಆದರೂ ಮೇಲಿನವರನ್ನು ಕೇಳದೆ ಕಳಿಸಿಬಿಟ್ಟೆ, "ರಕ್ತ ಕಡಿಮಿ ಐತಿ, ಕಬ್ಣದ ಗುಳಿಗಿ ತಗೋ, ಕಬ್ಣದ ಬೋಗುಣ್ಯಾಗ ಪಲ್ಯ ಮಾಡ್ಕೋ" ಎಂದು ನಗುತ್ತಾ ಹೇಳಿದೆ. ನಿಮ್ಮ ಮನೆಗೆ ಕಬ್ಬಿಣದ ಮಾತು ಹೊಕ್ಕಿದ್ದು ನನ್ನ ಬಾಯಿಂದಲೇ ಇರಬಹುದು.

ನಾಲ್ಕರಲ್ಲಿ ಮೂರು ಸಲ ಕೂಸು ಚೆನ್ನಾಗಿಯೇ ಹುಟ್ಟುತ್ತದೆ. ಆ ಮೂರನ್ನೇ ಹಿಡಿದು ಕೂತಿದ್ದೇನೆ.

ಮೇಘಾ


ಸಿಂಧನೂರು
9 ಸೆಪ್ಟೆಂಬರ್ 2024

ರಾಜಿ,

ಸುದ್ದಿ ಓದಿ ಖುಷಿಯಾಯಿತು. ಗುರುವಾರ ಡ್ಯೂಟಿ ಇದೆ, ರಜೆ ಸಿಗುವುದಿಲ್ಲ. ಮಾವನವರ ಕೈಯಲ್ಲಿ ಹಸಿರು ಬಳೆ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆರಿಗೆಯಾದ ಕೂಡಲೆ ತಿಳಿಸು.

ಮೇಘಾ


ಲಿಂಗಸೂಗೂರು
12 ಜನವರಿ 2025

ಮೇಘಿ,

ತವರಿನಲ್ಲಿದ್ದೇನೆ. ಡಿಸೆಂಬರ್ ನಾಲ್ಕಕ್ಕೆ ಗಂಡು ಹುಟ್ಟಿತು. ತೊಟ್ಟಿಲಿಗೆ ಹಾಕಿ ಮಲ್ಲಯ್ಯನ ಹೆಸರನ್ನೇ ಇಟ್ಟೆವು, ಮಲ್ಲು ಎಂದು ಕರೆಯುತ್ತೇವೆ. ಗಂಡು ಎಂದು ಆಯಿ ಊರಿಗೆಲ್ಲ ಪೇಡೆ ಹಂಚಿದಳು. ನನಗೆ ಗಂಡು ಹೆಣ್ಣು ಯಾವುದೂ ಬೇಕಾಗಿರಲಿಲ್ಲ, ಗ್ಯಾನಿಗೆ ಹೊಂದುವಂಥದ್ದು ಬೇಕಿತ್ತು.

ಗ್ಯಾನಿ ಸದ್ಯ ನನ್ನ ಹತ್ತಿರವೇ ಇದ್ದಾಳೆ, ಮಾವ ಇಲ್ಲಿಂದಲೇ ಕರೆತರುತ್ತಾರೆ. ಅವಳಿಗೆ ಯಾರು ಹೇಳಿದರೋ, ತೊಟ್ಟಿಲ ಹತ್ತಿರ ಕೂತು ತಮ್ಮನ ಕಾಲು ಹಿಡಿದು "ಯವ್ವಾ, ಇವನ ಎಲುಬಿನಾಗಿಂದ ನನಗ ರಕ್ತ ಕೊಡ್ತಾನಂತ, ಇವಗ ನೋಯ್ತೈತೇನು?" ಎಂದು ಕೇಳಿದಳು. ಇಲ್ಲ ಎಂದೆ. "ಹಂಗಾದ್ರ ನಾ ಇವಗ ನನ್ನ ಪಾಟಿ ಕೊಡ್ತೀನಿ" ಎಂದಳು. ಆವತ್ತಿನಿಂದ ಅವಳು ಅಕ್ಷರ ಬರೆಯುವ ಪಾಟಿ ತೊಟ್ಟಿಲಲ್ಲೇ ಇದೆ, ಕೂಸಿಗೆ ಚುಚ್ಚುತ್ತದೆ ಎಂದರೂ ತೆಗೆಯಲು ಬಿಡುವುದಿಲ್ಲ.

ಹೊಂದಾಣಿಕೆಯ ಪರೀಕ್ಷೆ ಯಾವಾಗ, ಎಲ್ಲಿ? ನೀನು ಯಾಕೋ ಈಗ ಎರಡೇ ಸಾಲು ಬರೆಯುತ್ತೀ. ಕೆಲಸ ಜಾಸ್ತಿಯಾ?

ರಾಜಿ


ಸಿಂಧನೂರು
17 ಮಾರ್ಚ್ 2025

ರಾಜಿ,

ಫೆಬ್ರವರಿಯಲ್ಲಿ ರಾಯಚೂರಿನ ಶಿಬಿರದಲ್ಲಿ ಇಬ್ಬರ ಕೆನ್ನೆಯೊಳಗಿನಿಂದ ತೆಗೆದ ಮಾದರಿಯ ವರದಿ ಬಂದಿದೆ. ಗ್ಯಾನಿಗೂ ಮಲ್ಲುಗೂ ಪೂರ್ತಿ ಹೊಂದುತ್ತದೆ. ವರದಿಯ ಎಲ್ಲ ಸಾಲುಗಳೂ.

ಮಾವನವರು ಕಾಗದ ತಲೆಗೆ ಒತ್ತಿಕೊಂಡರು, ಆಮೇಲೆ ನನ್ನ ಮುಖ ನೋಡಿ ತಣ್ಣಗಾದರು. ಕೊಡುವ ಕೂಸಿನ ರಕ್ತವನ್ನೂ ಮೊದಲು ನೋಡುವುದು ನಿಯಮ. ಮುಂದಿನ ಸಲ ಮಲ್ಲುವನ್ನೂ ಕಳಿಸು. ತಪ್ಪಿಸಬೇಡ.

ಮೇಘಾ


ಸಿಂಧನೂರು
19 ಮೇ 2025

ರಾಜಿ,

ಮೂರು ಸಲ ಗ್ಯಾನಿ ಬಂದು ಹೋದಳು. ಮೂರು ಸಲವೂ ಮಲ್ಲು ಬರಲಿಲ್ಲ. "ಕೂಸಿಗಿ ನೆಗಡಿ", "ಬಿಸಲು ಬಾಳ ಐತಿ", "ಆಕಿ ಕೊಡಲಿಲ್ರಿ". ಫೈಲಿನಲ್ಲಿ ಪತ್ರವೂ ಇಲ್ಲ. ಸಂತೋಷದಲ್ಲಿದ್ದವಳು ಹೀಗೆ ಮಾಡುವುದಿಲ್ಲ.

ಹೋದ ಸೆಪ್ಟೆಂಬರ್ ಒಂಬತ್ತಕ್ಕೆ ಬರೆದ ಪತ್ರವೊಂದು ನನ್ನ ಡ್ರಾಯರಿನಲ್ಲೇ ಉಳಿದಿತ್ತು. ಇದರ ಜೊತೆಗೆ ಇಟ್ಟಿದ್ದೇನೆ. ಓದಿ ನನ್ನನ್ನು ಏನು ಬೇಕಾದರೂ ಅನ್ನು, ಆದರೆ ಕೂಸನ್ನು ಕಳಿಸು. ನಾನು ಹೆದರಿ ಸುಮ್ಮನಿದ್ದೆ, ಕರುಣೆಯಿಂದಲ್ಲ.

ಮೇಘಾ


ಸಿಂಧನೂರು
9 ಜೂನ್ 2025

ರಾಜಿ,

ಮಲ್ಲು ಬಂದ. ನನ್ನ ಬೆರಳು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡ. ಹಿಮೋಗ್ಲೋಬಿನ್ ಆರೂಕಾಲು. ರಕ್ತದ ಹನಿ ಗಾಜಿನ ಪಟ್ಟಿಯ ಮೇಲೆ ಹರಡಿ ನಾನೇ ನೋಡಿದೆ. ಗ್ಯಾನಿ ಮೊದಲ ಸಲ ಬಂದ ದಿನದ ಪಟ್ಟಿ ನನ್ನ ಹತ್ತಿರ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರದು ಎಂದು ಹೇಳಲು ನನಗೇ ಬರಲಿಲ್ಲ. ಖಾತ್ರಿಯ ವರದಿ ವಾರದಲ್ಲಿ ಬರುತ್ತದೆ. ಬಂದರೂ ಬೇರೆ ಹೇಳುವುದಿಲ್ಲ.

ಮಜ್ಜೆ ಪೂರ್ತಿ ಹೊಂದಿತ್ತು, ರೋಗವೂ ಅದೇ ಬಂದಿದೆ. ಅವನು ಅವಳಿಗೆ ಕೊಡಲಾರ. ಅವಳೂ ಅವನಿಗೆ ಕೊಡಲಾರಳು. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಮಧ್ಯಾಹ್ನದಿಂದ ನೋಡಿದೆ, ಆಗಲಿಲ್ಲ.

ಡಾಕ್ಟರು ಈ ತಿಂಗಳ ಮೂವತ್ತರಿಂದ ಮಲ್ಲುಗೂ ರಕ್ತ ಶುರು ಮಾಡೋಣ ಎಂದಿದ್ದಾರೆ.

ಮೇಘಾ


ಸಂತೆಕಲ್ಲೂರು
29 ಜೂನ್ 2025

ಮೇಘಾ,

ಎಲ್ಲ ಪತ್ರ ಓದಿದೆ. ಸೆಪ್ಟೆಂಬರಿನದನ್ನು ಬಹಳ ಸಲ ಓದಿದೆ.

ಮಲ್ಲುವಿನ ಅಂಗೈ ನಾನು ಏಪ್ರಿಲ್‌ನಲ್ಲೇ ನೋಡಿದ್ದೆ. ಬಿಸಿಲಿಗೆ ಹಿಡಿದು ಗ್ಯಾನಿಯ ಅಂಗೈ ಪಕ್ಕಕ್ಕೆ ಇಟ್ಟು ನೋಡಿದ್ದೆ. ಹಾಲು ಕುಡಿಯುತ್ತಾ ಕುಡಿಯುತ್ತಾ ದಣಿದು ಬಿಡುತ್ತಿದ್ದ, ಅವಳೂ ಹಾಗೇ ಬಿಡುತ್ತಿದ್ದಳು. ಅದಕ್ಕೇ ಕಳಿಸಲಿಲ್ಲ. ನೀನು ನೋಡುವ ತನಕ ಅದು ಆಗಿಲ್ಲ ಅಂದುಕೊಂಡು ಎರಡು ತಿಂಗಳು ಕಳೆದೆ. ನೀನು ಹೆದರಿ ಸುಮ್ಮನಿದ್ದೆ ಎಂದು ಬರೆದಿದ್ದೀ. ನಾನೂ ಅದನ್ನೇ ಮಾಡಿದೆ.

ನಮ್ಮವರನ್ನು ಕೇಳಿದೆ. ಆವತ್ತು ಡಾಕ್ಟರು ಏನು ಹೇಳಿದ್ದರು, ನನಗೆ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರ ಅವ್ವ ಎದಿ ಒಡಕೊಳ್ತಿದ್ಲು. ನೀನು ನಮ್ಮಕ್ಕನ ಮಗಳು, ನಿನಗ ನಾ ಏನಂತ ಹೇಳ್ಲಿ" ಎಂದರು. ಅಂಗಡಿಗೆ ಹೋಗದೆ ನಾಲ್ಕು ದಿನ ಮನೆಯಲ್ಲೇ ಕೂತರು. ನನಗೆ ಅವರ ಮೇಲೆ ಕೂಗಾಡಬೇಕಿತ್ತು. ಆ ನಾಲ್ಕು ದಿನವೂ ಗ್ಯಾನಿಯ ಗುಳಿಗೆ ಕರಗಿಸಿ ಕುಡಿಸಿದವರು ಅವರೇ.

ಆಯಿಗೂ ಗೊತ್ತಾಯಿತು. ಯಾರೂ ಹೇಳಲಿಲ್ಲ, ಮಾವನ ಮುಖ ನೋಡಿ ಬಿಡಿಸಿಕೊಂಡಳು. ಅಳಲಿಲ್ಲ. ಈಗ ಯಾರ ರಕ್ತ ಎಂದು ಕೇಳುವುದಿಲ್ಲ. ನಿನ್ನೆ ಮಾವನಿಗೆ ಹೇಳಿದಳು: "ಆ ಹುಡಗಿಗೆ ಕೈ ಮುಗಿದು ಕೇಳು, ಯಾರದಾರ ಇರ್ಲಿ, ಎರಡು ಚೀಲ ಹಿಡಿದಿಡಂತ."

ನಿನ್ನ ಮೇಲೆ ನನಗೆ ಸಿಟ್ಟಿದೆ ಮೇಘಾ. ಸಣ್ಣ ಸಿಟ್ಟಲ್ಲ. ಏಳು ವರ್ಷದ ಹಿಂದೆ ನನ್ನ ರಕ್ತದ ಚೀಟಿಯನ್ನು ಇನ್ನೊಂದು ಸಲ ನೋಡಿದ್ದರೆ ಎಂದು ರೊಟ್ಟಿ ಬಡಿಯುವಾಗ ನೆನಪಾಗುತ್ತದೆ, ಕೈ ನಿಲ್ಲುತ್ತದೆ. ಆ ಒಂದು ಸಾಲು ಕೇಳಿದ್ದರೆ, ನಿನಗೆ ಗೊತ್ತಿದೆಯಾ ರಾಜಿ ಎಂದು ಕೇಳಿದ್ದರೆ ಎಂದು ನೆನಪಾಗುತ್ತದೆ. ಆಮೇಲೆ ಮಲ್ಲು ನಗುತ್ತಾನೆ. ಅವನಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನಗೆ ಈಗ ಆಗುವುದಿಲ್ಲ. ಯಾವ ಕಡೆಗೆ ಸಿಟ್ಟು ಮಾಡಬೇಕೋ ತಿಳಿಯದಂತಾಗಿದೆ.

ಗ್ಯಾನಿಗೆ ಹೇಳಿದ್ದೇನೆ, ತಮ್ಮ ಕೊಡಲು ಆಗುವುದಿಲ್ಲ ಎಂದು. ತಮ್ಮನ ತೊಟ್ಟಿಲ ಹತ್ತಿರ ಹೋದಳು. ಆಮೇಲೆ "ಸೂಜಿ ಚುಚ್ಚುವಾಗ ಈ ಕಡಿ ನೋಡಬಾರದು, ಗೋಡಿ ನೋಡಬೇಕು" ಎಂದು ಅವನಿಗೆ ಹೇಳಿಕೊಡುತ್ತಿದ್ದಳು. ಪಾಟಿ ವಾಪಸ್ ತೆಗೆದುಕೊಳ್ಳಲಿಲ್ಲ.

ಇಬ್ಬರಿಗೂ ಒಂದೇ ದಿನ ಹಾಕಲು ಆಗುತ್ತದಾ? ಬೇರೆ ಬೇರೆ ದಿನವಾದರೆ ತಿಂಗಳೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. ಅಕ್ಕನ ಪಕ್ಕದ ಮಂಚವನ್ನೇ ಮಲ್ಲುಗೆ ಹಿಡಿದಿಡು.

ಇನ್ನು ಮುಂದೆ ಪತ್ರ ಬರೆಯುವುದಿಲ್ಲ. ಮಾವನಿಗೆ ಒಂದು ಕೂಸನ್ನು ಎತ್ತಿಕೊಂಡು ಇನ್ನೊಂದರ ಕೈ ಹಿಡಿದು ಮಸ್ಕಿಯಲ್ಲಿ ಬಸ್ಸು ಬದಲಿಸಲು ಆಗುವುದಿಲ್ಲ. ನಾಳೆಯಿಂದ ನಾನೇ ಬರುತ್ತೇನೆ. ನಿನ್ನ ಜೊತೆ ಜಗಳ ಆಡಬೇಕು, ಮಾತು ಬಿಡಬೇಕು ಎಂದು ಅನ್ನಿಸುತ್ತದೆ. ಆದರೆ ಮಾತು ಬಿಟ್ಟರೂ ಇಪ್ಪತ್ತೊಂದು ದಿನಕ್ಕೊಮ್ಮೆ ನಿನ್ನ ಹತ್ತಿರವೇ ಬರಬೇಕು.

ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ. ಇಬ್ಬರದೂ ಬಿ ಪಾಸಿಟಿವ್.

ರಾಜಶ್ರೀ